ಪ್ರೊಡಕ್ಷನ್ ಸರ್ವರ್‌ಗೆ ಯಾವ ಜರ್ನಲಿಂಗ್ ಫೈಲ್ ಸಿಸ್ಟಮ್? ಆರಿಸುವುದರಿಂದ ಹಿಡಿದು ಕರೆಂಟ್ ಕಿತ್ತು ಪರೀಕ್ಷಿಸುವವರೆಗೆ

ಹೊಸ ಸರ್ವರ್ ಸಿಕ್ಕ ಕೂಡಲೇ ಎಲ್ಲರೂ ಕೇಳುವುದು ಒಂದೇ: ಎಕ್ಸ್ಟ್4 ಹಾಕಲಾ, ಎಕ್ಸ್‌ಎಫ್‌ಎಸ್ ಹಾಕಲಾ? ಆಮೇಲೆ ಎರಡು ಬೆಂಚ್‌ಮಾರ್ಕ್ ಗ್ರಾಫ್ ನೋಡಿ, ಜಾಸ್ತಿ ಸ್ಪೀಡ್ ತೋರಿಸಿದ್ದನ್ನು ಆರಿಸಿ ಮುಂದೆ ಹೋಗುತ್ತಾರೆ. ಪ್ರೊಡಕ್ಷನ್‌ಗೆ ಇಷ್ಟು ಸಾಲದು. ಇವತ್ತಿನ ಲಿನಕ್ಸ್‌ನಲ್ಲಿ ಇವೆರಡರ ವೇಗದ ವ್ಯತ್ಯಾಸ ಬಹುತೇಕ ಕೆಲಸಗಳಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಸರ್ವರ್ ಮತ್ತೆ ಆನ್ ಆದಾಗ ಡೇಟಾಬೇಸ್ ಎದ್ದು ನಿಲ್ಲುತ್ತದೋ ಇಲ್ಲವೋ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ವೇಗದ ಮಾತು ಕಡಿಮೆ, ಬಿದ್ದ ಸರ್ವರ್ ಏಳಿಸುವ ಮಾತು ಜಾಸ್ತಿ.

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗಾಗಿ ಬರೆದಿದ್ದೇನೆ. ಕಮಾಂಡ್ ಲೈನ್ ಅಭ್ಯಾಸ ಇದ್ದರೆ ಸಾಕು, ಕರ್ನಲ್ ಒಳಗಿನ ವಿಚಾರ ಗೊತ್ತಿರಬೇಕು ಅಂತಿಲ್ಲ.

ಹಂತ 1: ಜರ್ನಲ್ ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ

ಒಂದು ಫೈಲ್ ಅಳಿಸಿದಿರಿ ಅಂದುಕೊಳ್ಳಿ. ಒಳಗೆ ಮೂರು ಕಡೆ ಬರೆಯಬೇಕು: ಡೈರೆಕ್ಟರಿಯಿಂದ ಹೆಸರು ತೆಗೆಯಬೇಕು, ಐನೋಡ್ (ಫೈಲ್‌ನ ವಿವರ ಇಟ್ಟಿರುವ ದಾಖಲೆ) ಬಿಡಿಸಬೇಕು, ಆ ಫೈಲ್ ಹಿಡಿದಿದ್ದ ಬ್ಲಾಕ್‌ಗಳು ಖಾಲಿ ಅಂತ ಗುರುತು ಹಾಕಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. ಜರ್ನಲ್ ಇಲ್ಲದ ಎಕ್ಸ್ಟ್2 ಕಾಲದಲ್ಲಿ ಎಫ್‌ಎಸ್‌ಸಿಕೆ ಅನ್ನುವ ರಿಪೇರಿ ಸಾಧನ ಇಡೀ ಡಿಸ್ಕ್ ಜಾಲಾಡಿ ಇದನ್ನು ಸರಿಮಾಡಬೇಕಿತ್ತು, ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ ಕಾಯಬೇಕಿತ್ತು. ಜರ್ನಲ್ ಇರುವ ಫೈಲ್ ಸಿಸ್ಟಮ್ ಈ ಮೂರೂ ಬದಲಾವಣೆಗಳನ್ನು ಮೊದಲು ಒಂದೇ ಕಡೆ ಒಟ್ಟಿಗೆ ಬರೆದು, ಕಮಿಟ್ ಗುರುತು ಹಾಕಿ, ಆಮೇಲೆ ಅವುಗಳ ಅಸಲಿ ಜಾಗಕ್ಕೆ ಬರೆಯುತ್ತದೆ. ಸರ್ವರ್ ಎದ್ದಾಗ ಕಮಿಟ್ ಆದದ್ದನ್ನು ಮತ್ತೆ ಅನ್ವಯಿಸುತ್ತದೆ, ಆಗದ್ದನ್ನು ಬಿಟ್ಟುಬಿಡುತ್ತದೆ. ಸಾಮಾನ್ಯವಾಗಿ ಕೆಲವೇ ಸೆಕೆಂಡ್‌ಗಳ ಕೆಲಸ.

ಇಲ್ಲಿ ಜರ್ನಲ್‌ಗೆ ಹೋಗಿದ್ದು ಮೆಟಾಡೇಟಾ (ಹೆಸರು, ಐನೋಡ್, ಬ್ಲಾಕ್ ಲೆಕ್ಕದಂಥ ಫೈಲ್ ಬಗೆಗಿನ ಮಾಹಿತಿ) ಮಾತ್ರ, ಗಮನಿಸಿದಿರಾ? ಫೈಲ್ ಒಳಗಿನ ಡೇಟಾ ಅಲ್ಲಿಗೆ ಹೋಗಲಿಲ್ಲ. ಎಕ್ಸ್‌ಎಫ್‌ಎಸ್ ಯಾವಾಗಲೂ ಹೀಗೇ. ಎಕ್ಸ್ಟ್4ನಲ್ಲಿ ಮೂರು ಬಗೆ ಇವೆ. ಡಿಫಾಲ್ಟ್ ಆಗಿರುವ ಆರ್ಡರ್ಡ್ ಬಗೆಯಲ್ಲಿ ಮೆಟಾಡೇಟಾ ಕಮಿಟ್ ಆಗುವ ಮೊದಲು ಅದಕ್ಕೆ ಸೇರಿದ ಹೊಸ ಡೇಟಾ ಡಿಸ್ಕ್‌ಗೆ ಹೋಗಿರುತ್ತದೆ. ರೈಟ್‌ಬ್ಯಾಕ್‌ನಲ್ಲಿ ಆ ಖಾತ್ರಿಯೂ ಇಲ್ಲ, ಕ್ರ್ಯಾಶ್ ಆದಮೇಲೆ ಫೈಲ್ ಒಳಗೆ ಹಳೆಯ ಕಸ ಕಾಣಬಹುದು, ಹಾಗಾಗಿ ಪ್ರೊಡಕ್ಷನ್‌ನಲ್ಲಿ ಬೇಡ. ಜರ್ನಲ್ ಬಗೆಯಲ್ಲಿ ಡೇಟಾವೂ ಜರ್ನಲ್‌ಗೆ ಹೋಗುತ್ತದೆ, ಆದರೆ ಎಲ್ಲವನ್ನೂ ಎರಡೆರಡು ಸಲ ಬರೆಯಬೇಕು.

ಮೆಟಾಡೇಟಾ ಸರಿಯಿದ್ದೂ ಡೇಟಾ ಹೋಗುವುದು ಹೇಗೆ ಅನ್ನುವುದಕ್ಕೆ 2009ರ ಎಕ್ಸ್ಟ್4 ಗಲಾಟೆ ಒಳ್ಳೆಯ ಉದಾಹರಣೆ. ಎಕ್ಸ್ಟ್4 ಸ್ಥಿರ ಅಂತ ಘೋಷಣೆಯಾಗಿದ್ದು 2008ರ ಡಿಸೆಂಬರ್‌ನಲ್ಲಿ, 2.6.28 ಕರ್ನಲ್ ಜೊತೆ. ಅದರಲ್ಲಿ ಡಿಲೇಡ್ ಅಲೊಕೇಶನ್ ಅಂತ ಹೊಸದೊಂದು ಇತ್ತು, ಬರೆದ ಡೇಟಾಕ್ಕೆ ಜಾಗ ಕೊಡುವುದನ್ನೇ ಸ್ವಲ್ಪ ಹೊತ್ತು ಮುಂದೂಡುವುದು. ಎಕ್ಸ್ಟ್3ನಲ್ಲಿ ಐದು ಸೆಕೆಂಡ್‌ಗೊಮ್ಮೆ ತಾನಾಗಿ ಡಿಸ್ಕ್ ಸೇರುತ್ತಿದ್ದ ಡೇಟಾ ಇಲ್ಲಿ ಅರ್ಧ ನಿಮಿಷದವರೆಗೂ ಮೆಮೊರಿಯಲ್ಲೇ ಕೂರುತ್ತಿತ್ತು. ಎಫ್‌ಸಿಂಕ್ (ಮೆಮೊರಿಯಲ್ಲಿರುವ ಡೇಟಾ ಈಗಲೇ ಡಿಸ್ಕ್‌ಗೆ ಬರೆ ಅನ್ನುವ ಕರೆ) ಕರೆಯದೆ ಹೊಸ ಫೈಲ್ ಬರೆದು ಹಳೆಯದರ ಮೇಲೆ ರಿನೇಮ್ ಮಾಡುತ್ತಿದ್ದ ಪ್ರೋಗ್ರಾಂಗಳ ಫೈಲ್‌ಗಳೆಲ್ಲ ಕ್ರ್ಯಾಶ್ ನಂತರ ಸೊನ್ನೆ ಬೈಟ್ ಆದವು. ಎಕ್ಸ್ಟ್4 ನೋಡಿಕೊಳ್ಳುವ ಥಿಯೋಡರ್ ತ್ಸೋ 2.6.30ರಲ್ಲಿ ರಿನೇಮ್ ಸಂದರ್ಭಕ್ಕೆ ವಿಶೇಷ ರಕ್ಷಣೆ ಸೇರಿಸಿದರು. ಆದರೂ ನಿಯಮ ಬದಲಾಗಲಿಲ್ಲ: ಎಫ್‌ಸಿಂಕ್ ಯಶಸ್ವಿಯಾಗಿ ವಾಪಸ್ ಬಂದ ಡೇಟಾ ಮಾತ್ರ ನಿಮ್ಮದು. ಮಿಕ್ಕಿದ್ದು ಇನ್ನೂ ದಾರಿಯಲ್ಲಿದೆ ಅಂತಲೇ ತಿಳಿಯಿರಿ.

ಹಾಗಾಗಿ ನಿಮ್ಮ ಸ್ವಂತ ಅಪ್ಲಿಕೇಶನ್ ಫೈಲ್ ಬರೆಯುವುದಾದರೆ ಈ ಕ್ರಮ ಬಿಡಬೇಡಿ: ಟೆಂಪ್ ಫೈಲ್‌ಗೆ ಬರೆಯಿರಿ, ಅದಕ್ಕೆ ಎಫ್‌ಸಿಂಕ್ ಕರೆಯಿರಿ, ರಿನೇಮ್ ಮಾಡಿ, ಆಮೇಲೆ ಡೈರೆಕ್ಟರಿಗೂ ಎಫ್‌ಸಿಂಕ್ ಕರೆಯಿರಿ. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಎಫ್‌ಸಿಂಕ್ ಎರರ್ ಕೊಟ್ಟರೆ ಮತ್ತೆ ಕರೆದು ನೋಡೋಣ ಅಂತಲೂ ಹೋಗಬೇಡಿ. ಲಿನಕ್ಸ್‌ನಲ್ಲಿ ಬರೆಯಲಾಗದ ಮೆಮೊರಿ ಪುಟವನ್ನೂ ಕರ್ನಲ್ ಕ್ಲೀನ್ (ಬರೆದಾಗಿದೆ) ಅಂತ ಗುರುತು ಹಾಕಿಬಿಡಬಹುದು, ಎರಡನೇ ಸಲ ಕರೆದಾಗ ಎಲ್ಲ ಸರಿ ಅನ್ನುವ ಉತ್ತರ ಬರಬಹುದು, ಡೇಟಾ ಮಾತ್ರ ಡಿಸ್ಕ್‌ನಲ್ಲಿ ಇರುವುದಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಡೇಟಾಬೇಸ್ ತಂಡಕ್ಕೆ ಇದು ಎದುರಾಯಿತು. ಆಮೇಲೆ ಅವರು ಎಫ್‌ಸಿಂಕ್ ವಿಫಲವಾದರೆ ಸರ್ವರ್ ನಿಲ್ಲಿಸಿ, ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುವ ಹಾಗೆ ಬದಲಾಯಿಸಿದರು.

ಹಂತ 2: ಫೈಲ್ ಸಿಸ್ಟಮ್ ಆರಿಸುವ ಮೊದಲು ಅದರ ಕೆಳಗೆ ನೋಡಿ

ನನ್ನ ಪ್ರಕಾರ ಇದೇ ಅತಿ ಮುಖ್ಯ ಹಂತ, ಜನ ಹಾರಿಸುವುದೂ ಇದನ್ನೇ. ಜರ್ನಲ್‌ನ ಇಡೀ ಲೆಕ್ಕಾಚಾರ ಒಂದು ನಂಬಿಕೆಯ ಮೇಲೆ ನಿಂತಿದೆ: ಫ್ಲಶ್ (ಹಿಡಿದಿಟ್ಟದ್ದನ್ನು ಈಗಲೇ ಬರೆ) ಅಂದಾಗ ಡಿಸ್ಕ್ ನಿಜವಾಗಿಯೂ ಬರೆಯುತ್ತದೆ ಅನ್ನುವುದು. ಡಿಸ್ಕ್ ಒಳಗಿನ ಕ್ಯಾಶ್ ಅನ್ನುವ ತಾತ್ಕಾಲಿಕ ಮೆಮೊರಿಯಲ್ಲಿಟ್ಟು ಆಯಿತು ಅಂದುಬಿಟ್ಟರೆ ಯಾವ ಫೈಲ್ ಸಿಸ್ಟಮ್ ಹಾಕಿದರೂ ಒಂದೇ.

ಎಸ್‌ಎಸ್‌ಡಿ ಕೊಳ್ಳುವಾಗ ಪವರ್ ಲಾಸ್ ಪ್ರೊಟೆಕ್ಷನ್ ಇದೆಯಾ ಅಂತ ಡೇಟಾಶೀಟ್‌ನಲ್ಲಿ ನೋಡಿ. ಅಂದರೆ ಕರೆಂಟ್ ಹೋದಮೇಲೂ ಕ್ಯಾಶ್‌ನಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್‌ಗಳು ಒಳಗೆ ಇರುತ್ತವೆ. ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ ಇದು ಸಾಮಾನ್ಯ, ಲ್ಯಾಪ್‌ಟಾಪ್‌ಗೆ ಹಾಕುವವುಗಳಲ್ಲಿ ಅಪರೂಪ. ಬೆಲೆ ಜಾಸ್ತಿ ನಿಜ. ಆದರೆ ಡೇಟಾಬೇಸ್ ಸರ್ವರ್‌ಗೆ ಖರ್ಚು ಮಾಡುವುದಾದರೆ ಮೊದಲು ಇಲ್ಲೇ ಮಾಡಿ. ಎಫ್‌ಸಿಂಕ್ ಕೂಡ ಇವುಗಳಲ್ಲಿ ಬಹಳ ಬೇಗ ಮುಗಿಯುತ್ತದೆ, ಯಾಕೆಂದರೆ ಕ್ಯಾಶ್ ಸೇರಿದರೇ ಸೇಫ್ ಅಂತ ಅವು ನಿಜವಾಗಿ ಹೇಳಬಲ್ಲವು.

ರೇಡ್ ಕಂಟ್ರೋಲರ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ಇದ್ದರೆ ಅದರ ಬ್ಯಾಟರಿ ಸ್ಥಿತಿ ನೋಡಿ. ಬ್ಯಾಟರಿ ಸತ್ತಿದ್ದರೂ ರೈಟ್‌ಬ್ಯಾಕ್ (ಕ್ಯಾಶ್ ಸೇರಿದ ಕೂಡಲೇ ಬರೆದಾಯಿತು ಅನ್ನುವ ರೀತಿ, ಹಂತ 1ರ ಎಕ್ಸ್ಟ್4 ಬಗೆ ಅಲ್ಲ) ಮುಂದುವರಿಸು ಅನ್ನುವ ಸೆಟ್ಟಿಂಗ್ ಕೆಲವು ಕಂಟ್ರೋಲರ್‌ಗಳಲ್ಲಿ ಇರುತ್ತದೆ, ಅದು ಆನ್ ಆಗಿದ್ದರೆ ಕೂಡಲೇ ಆಫ್ ಮಾಡಿ. ಕಂಟ್ರೋಲರ್ ಹಿಂದಿರುವ ಡಿಸ್ಕ್‌ಗಳ ಸ್ವಂತ ಕ್ಯಾಶ್ ಬೇರೆ ವಿಷಯ, ಕಂಟ್ರೋಲರ್ ಬ್ಯಾಟರಿ ಅದನ್ನು ಕಾಯುವುದಿಲ್ಲ.

ವರ್ಚುವಲ್ ಮೆಷಿನ್ ಆದರೆ ಹೋಸ್ಟ್‌ನಲ್ಲಿ ಡಿಸ್ಕ್ ಕ್ಯಾಶ್ ಮೋಡ್ ಏನಿದೆ ನೋಡಿ. ವರ್ಚುವಲ್ ಮೆಷಿನ್ ಓಡಿಸುವ ಕ್ಯೂಇಎಂಯು ವಿಷಯದಲ್ಲಿ ನನ್ ಅನ್ನುವ ಮೋಡ್, ರೈಟ್‌ಬ್ಯಾಕ್ ಅನ್ನುವ ಮೋಡ್ ಎರಡೂ ಒಳಗಿನ ಫ್ಲಶ್‌ಗೆ ಬೆಲೆ ಕೊಡುತ್ತವೆ. ಅನ್‌ಸೇಫ್ ಅನ್ನುವ ಮೋಡ್ ಕೊಡುವುದಿಲ್ಲ. ಟೆಸ್ಟ್‌ಗೆ ಅಂತ ಯಾರೋ ಹಾಕಿದ್ದು ಪ್ರೊಡಕ್ಷನ್‌ವರೆಗೂ ಹಾಗೇ ಬಂದುಬಿಡುವುದುಂಟು.

ಕರ್ನಲ್ ಏನು ತಿಳಿದುಕೊಂಡಿದೆ ಅನ್ನುವುದು ಸಿಸ್‌ಎಫ್‌ಎಸ್ (ಕರ್ನಲ್ ತನ್ನ ಮಾಹಿತಿ ತೋರಿಸುವ ಡೈರೆಕ್ಟರಿ) ಒಳಗೆ, ಆ ಡಿಸ್ಕ್‌ನ ಕ್ಯೂ ಡೈರೆಕ್ಟರಿಯಲ್ಲಿರುವ ರೈಟ್ ಕ್ಯಾಶ್ ಫೈಲ್‌ನಲ್ಲಿ ಕಾಣುತ್ತದೆ. ರೈಟ್ ಬ್ಯಾಕ್ ಅಂತಿದ್ದರೆ ಕರ್ನಲ್ ಫ್ಲಶ್ ಕಳಿಸುತ್ತದೆ, ರೈಟ್ ಥ್ರೂ ಅಂತಿದ್ದರೆ ಕಳಿಸುವುದಿಲ್ಲ. ಸ್ಪೀಡ್ ಬರಲಿ ಅಂತ ಇದನ್ನು ಕೈಯಾರೆ ರೈಟ್ ಥ್ರೂ ಮಾಡಬೇಡಿ: ಡಿಸ್ಕ್‌ನ ಕ್ಯಾಶ್ ಹಾಗೇ ಇರುತ್ತದೆ, ಫ್ಲಶ್ ಮಾತ್ರ ನಿಲ್ಲುತ್ತದೆ. ಫ್ಲಶ್ ಕಳಿಸಬೇಡ ಅನ್ನುವ ನೋಬ್ಯಾರಿಯರ್ ಮೌಂಟ್ ಆಪ್ಷನ್ ಕೂಡ ಇದೇ ಜಾತಿಯದು. ಎಕ್ಸ್‌ಎಫ್‌ಎಸ್ ತಂಡ 4.19 ಕರ್ನಲ್‌ನಲ್ಲಿ ಅದನ್ನು ತೆಗೆದೇ ಹಾಕಿತು.

ಡಿಸ್ಕ್ ಸುಳ್ಳು ಹೇಳುತ್ತಿದೆಯಾ ಅಂತ ಹಿಡಿಯಲು ಸುಲಭದ ಲೆಕ್ಕವೂ ಇದೆ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡ್‌ಗೆ 120 ಸುತ್ತು ತಿರುಗುತ್ತದೆ. ಒಂದಾದ ಮೇಲೊಂದು ಎಫ್‌ಸಿಂಕ್ ಕರೆದರೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಪೋಸ್ಟ್‌ಗ್ರೆಸ್ ಜೊತೆ ಬರುವ ಪಿಜಿ ಟೆಸ್ಟ್ ಎಫ್‌ಸಿಂಕ್ ಓಡಿಸಿ ನೋಡಿ. ಬ್ಯಾಟರಿ ಇರುವ ಕ್ಯಾಶ್ ಇಲ್ಲದ ಹಾರ್ಡ್ ಡಿಸ್ಕ್ ಸೆಕೆಂಡ್‌ಗೆ ಸಾವಿರಾರು ತೋರಿಸಿದರೆ ಎಲ್ಲೋ ಒಂದು ಕಡೆ ಫ್ಲಶ್ ನುಂಗಿಹೋಗುತ್ತಿದೆ.

ಹಂತ 3: ನಿಮ್ಮ ಕೆಲಸ ಯಾವ ಬಗೆಯದು

ಡೇಟಾಬೇಸ್ ಅಂದರೆ ಕೆಲವೇ ದೊಡ್ಡ ಫೈಲ್, ಸದಾ ಎಫ್‌ಸಿಂಕ್. ಇಲ್ಲಿ ಎರಡೂ ಫೈಲ್ ಸಿಸ್ಟಮ್ ಚೆನ್ನಾಗಿ ನಡೆಯುತ್ತವೆ. ಮೊಂಗೊಡಿಬಿ ಮಾತ್ರ ತನ್ನ ವೈರ್ಡ್‌ಟೈಗರ್ ಎಂಜಿನ್‌ಗೆ ಎಕ್ಸ್‌ಎಫ್‌ಎಸ್ ಹಾಕಿ ಅಂತ ಒತ್ತಿ ಹೇಳುತ್ತದೆ. ಡೇಟಾಬೇಸ್ ತನ್ನದೇ ಲಾಗ್ ಇಟ್ಟುಕೊಂಡಿರುವಾಗ ಎಕ್ಸ್ಟ್4ನ ಜರ್ನಲ್ ಬಗೆಯನ್ನೂ ಹಾಕಿ ಡೇಟಾ ಎರಡೆರಡು ಸಲ ಬರೆಸುವ ಅಗತ್ಯ ಇಲ್ಲ. ಆದರೆ ಪೋಸ್ಟ್‌ಗ್ರೆಸ್‌ನ ಫುಲ್ ಪೇಜ್ ರೈಟ್ಸ್, ಮೈಎಸ್‌ಕ್ಯೂಎಲ್‌ನ ಎಂಜಿನ್ ಆದ ಇನ್ನೋಡಿಬಿಯ ಡಬಲ್‌ರೈಟ್ ಎರಡನ್ನೂ ಆನ್ ಆಗಿಯೇ ಬಿಡಿ. ಅರ್ಧ ಬರೆದ ಪುಟವನ್ನು ಎಕ್ಸ್ಟ್4 ಆರ್ಡರ್ಡ್ ಆಗಲಿ ಎಕ್ಸ್‌ಎಫ್‌ಎಸ್ ಆಗಲಿ ಸರಿಮಾಡಿಕೊಡುವುದಿಲ್ಲ.

ಮೇಲ್ ಸರ್ವರ್‌ನಲ್ಲಿ ಒಂದೊಂದು ಮೇಲ್‌ಗೆ ಒಂದೊಂದು ಫೈಲ್. ಇಲ್ಲಿ ಐನೋಡ್ ಲೆಕ್ಕ ಬರುತ್ತದೆ. ಎಕ್ಸ್ಟ್4 ಎಷ್ಟು ಐನೋಡ್ ಅನ್ನುವುದನ್ನು ಫಾರ್ಮ್ಯಾಟ್ ಮಾಡುವಾಗಲೇ ನಿಗದಿ ಮಾಡುತ್ತದೆ. ಡಿಫಾಲ್ಟ್ ಆಗಿ 16 ಕೆಬಿಗೆ ಒಂದು, ಅಂದರೆ 1 ಟಿಬಿಗೆ ಸುಮಾರು 6.7 ಕೋಟಿ. 4 ಟಿಬಿ ದಾಟಿದರೆ 32 ಕೆಬಿಗೆ ಒಂದೇ ಸಿಗುತ್ತದೆ, 16 ಟಿಬಿ ದಾಟಿದರೆ 64 ಕೆಬಿಗೆ ಒಂದು. ಐನೋಡ್ ಮುಗಿದರೆ ಜಾಗ ಎಷ್ಟಿದ್ದರೂ ಹೊಸ ಫೈಲ್ ಹುಟ್ಟುವುದಿಲ್ಲ, ಎರರ್ ಮಾತ್ರ ಡಿಸ್ಕ್ ತುಂಬಿದೆ ಅಂತಲೇ ಬರುತ್ತದೆ, ಡಿಎಫ್ ನೋಡಿದರೆ ಜಾಗ ಖಾಲಿ ಇರುತ್ತದೆ, ತಲೆ ಕೆಡುತ್ತದೆ. ಡಿಎಫ್‌ಗೆ ಐ ಆಪ್ಷನ್ ಕೊಟ್ಟಾಗಲೇ ಅಸಲಿ ಕಾರಣ ಕಾಣುವುದು. ಎಕ್ಸ್‌ಎಫ್‌ಎಸ್ ಬೇಕಾದ ಹಾಗೆ ಐನೋಡ್ ಸೃಷ್ಟಿಸಿಕೊಳ್ಳುತ್ತದೆ, ಈ ತಲೆನೋವು ಬಹುಮಟ್ಟಿಗೆ ಇಲ್ಲ.

ಬ್ಯಾಕಪ್, ವಿಡಿಯೊ, ಲಾಗ್ ಥರದ ದೊಡ್ಡ ಫೈಲ್‌ಗಳಿಗೆ ಎಕ್ಸ್‌ಎಫ್‌ಎಸ್. ಯೋಚನೆ ಬೇಡ.

ಹಂತ 4: ಯಾರ್ಯಾರು ಕಣದಲ್ಲಿದ್ದಾರೆ

ಎಕ್ಸ್ಟ್4ನ ದೊಡ್ಡ ಬಲ ಅದರ ರಿಪೇರಿ. ಇ2ಎಫ್‌ಎಸ್‌ಸಿಕೆ ದಶಕಗಳಿಂದ ಪಳಗಿದ ಸಾಧನ, ಸಾಕಷ್ಟು ಹಾಳಾದ ಡಿಸ್ಕ್‌ನಿಂದಲೂ ಏನಾದರೂ ಎತ್ತಿ ಕೊಡುತ್ತದೆ. ಅನ್‌ಮೌಂಟ್ ಮಾಡಿ ಕುಗ್ಗಿಸಲೂಬಹುದು. ಒಂದು ಫೈಲ್ 16 ಟಿಬಿ ಮೀರುವಂತಿಲ್ಲ. ತೀರಾ ದೊಡ್ಡ ವಾಲ್ಯೂಮ್‌ಗೆ ನಾನು ಇದನ್ನು ಆರಿಸುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಕಂಪನಿ ಬೆಂಬಲ ಕೊಡುವ ಮಿತಿ ಎಕ್ಸ್ಟ್4ಗೆ 50 ಟಿಬಿ, ಎಕ್ಸ್‌ಎಫ್‌ಎಸ್‌ಗೆ 1 ಪಿಬಿ. ಈ ಅಂತರ ನೋಡಿದರೇ ಯಾವುದು ಯಾವುದಕ್ಕೆ ಅಂತ ಗೊತ್ತಾಗುತ್ತದೆ.

ಎಕ್ಸ್‌ಎಫ್‌ಎಸ್ ಹುಟ್ಟಿದ್ದು ಎಸ್‌ಜಿಐ ಕಂಪನಿಯಲ್ಲಿ. 1993ರಲ್ಲಿ ಕೆಲಸ ಶುರುವಾಗಿ 1994ರಲ್ಲಿ ಅವರದೇ ಐರಿಕ್ಸ್ ಓಎಸ್ ಜೊತೆ ಬಂತು, ಆಮೇಲೆ ಲಿನಕ್ಸ್‌ಗೆ. 2014ರ ರೆಡ್ ಹ್ಯಾಟ್ 7ರಿಂದ ಅಲ್ಲಿ ಇದೇ ಡಿಫಾಲ್ಟ್. ಡಿಸ್ಕನ್ನು ಅಲೊಕೇಶನ್ ಗ್ರೂಪ್‌ಗಳಾಗಿ ಹಂಚಿಕೊಂಡಿರುವುದರಿಂದ ಹಲವು ಥ್ರೆಡ್‌ಗಳು ಒಂದೇ ಸಮಯಕ್ಕೆ ಬರೆದರೂ ಒಂದಕ್ಕೊಂದು ಅಡ್ಡ ಬರುವುದು ಕಡಿಮೆ. ಕರೆಂಟ್ ಹೋದರೆ ಎಕ್ಸ್‌ಎಫ್‌ಎಸ್ ಫೈಲ್‌ಗಳಲ್ಲಿ ಸೊನ್ನೆ ತುಂಬಿರುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಆ ತೊಂದರೆ 2007ರಲ್ಲೇ ಸರಿಹೋಯಿತು. ಡಿಲೀಟ್ ನಿಧಾನ ಅನ್ನುವ ದೂರು ಕೂಡ ಡಿಲೇಡ್ ಲಾಗಿಂಗ್ ಬಂದಮೇಲೆ ಹಳೆಯದಾಯಿತು, 2.6.39ರಿಂದ ಅದು ಡಿಫಾಲ್ಟ್. ನಿಜವಾದ ಕೊರತೆ ಒಂದಿದೆ: ಹಿಗ್ಗಿಸಬಹುದು, ಆದರೆ ಕುಗ್ಗಿಸುವುದು ಪ್ರಾಯೋಗಿಕವಾಗಿ ಆಗುವುದಿಲ್ಲ. ಸೈಜ್ ತಪ್ಪಿದರೆ ಡೇಟಾ ಎತ್ತಿ ಬೇರೆಡೆ ಇಟ್ಟು ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು.

ಬಿಟಿಆರ್‌ಎಫ್‌ಎಸ್ ಮತ್ತು ಝಡ್‌ಎಫ್‌ಎಸ್ ಜರ್ನಲ್ ನಂಬಿ ನಿಂತವಲ್ಲ, ಹಳೆಯದರ ಮೇಲೆ ಬರೆಯದೆ ಹೊಸ ಜಾಗಕ್ಕೆ ಬರೆಯುವ ಜಾತಿಯವು. ಆದರೂ ಹೆಸರು ಹೇಳಲೇಬೇಕು, ಯಾಕೆಂದರೆ ಡೇಟಾಕ್ಕೂ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ಹಿಡಿಯುವ ಲೆಕ್ಕ) ಇಡುವುದು ಇವೇ. ಎಕ್ಸ್ಟ್4, ಎಕ್ಸ್‌ಎಫ್‌ಎಸ್ ಮೆಟಾಡೇಟಾಕ್ಕೆ ಮಾತ್ರ ಇಡುತ್ತವೆ. ಡಿಸ್ಕ್‌ನಲ್ಲಿ ಸದ್ದಿಲ್ಲದೆ ಒಂದು ಬಿಟ್ ಕೆಟ್ಟರೆ ಅವುಗಳಿಗೆ ಗೊತ್ತಾಗುವುದಿಲ್ಲ. ಆ ಕಾವಲು ಬೇಕಿದ್ದರೆ ಡೇಟಾಬೇಸ್‌ನ ಸ್ವಂತ ಚೆಕ್‌ಸಮ್ ಆನ್ ಮಾಡಿ (ಪೋಸ್ಟ್‌ಗ್ರೆಸ್ 18ರಿಂದ ಹೊಸ ಕ್ಲಸ್ಟರ್‌ಗೆ ಅದೇ ಡಿಫಾಲ್ಟ್), ಇಲ್ಲವೇ ಝಡ್‌ಎಫ್‌ಎಸ್ ಕಡೆ ಹೋಗಿ. ಬಿಟಿಆರ್‌ಎಫ್‌ಎಸ್‌ನ ಸ್ವಂತ ರೇಡ್ 5, ರೇಡ್ 6 ಮಾತ್ರ ಪ್ರೊಡಕ್ಷನ್‌ಗೆ ಬೇಡ. ಅದನ್ನು ಬರೆಯುವವರೇ ಬೇಡ ಅನ್ನುತ್ತಾರೆ.

ಇನ್ನು ಬಿಡಬೇಕಾದವು. ಲಿನಕ್ಸ್ ಮೂಲ ಕರ್ನಲ್‌ಗೆ ಬಂದ ಮೊದಲ ಜರ್ನಲಿಂಗ್ ಫೈಲ್ ಸಿಸ್ಟಮ್ ರೈಸರ್‌ಎಫ್‌ಎಸ್, 2001ರ 2.4.1ರಲ್ಲಿ. 2025ರ ಜನವರಿಯಲ್ಲಿ ಬಂದ 6.13ರಲ್ಲಿ ಅದನ್ನು ಪೂರ್ತಿ ತೆಗೆದರು. ಇನ್ನೂ ಅದರ ಮೇಲೆ ಕೂತಿರುವ ಹಳೆಯ ಸರ್ವರ್ ಇದ್ದರೆ ಈಗಲೇ ಡೇಟಾ ಸಾಗಿಸಿ. ಬಿಕ್ಯಾಶ್‌ಎಫ್‌ಎಸ್ 2024ರ 6.7ರಲ್ಲಿ ಬಂದು 6.18ರಲ್ಲಿ ಹೊರಗೆ ಹೋಯಿತು. ಸಾಮರ್ಥ್ಯ ಇದ್ದರೂ ನಾಳೆ ಕರ್ನಲ್ ಅಪ್‌ಡೇಟ್ ಮಾಡಿದಾಗ ಮೌಂಟ್ ಆಗುತ್ತದಾ ಅಂತ ಯೋಚಿಸಬೇಕಾದ ಫೈಲ್ ಸಿಸ್ಟಮ್ ಪ್ರೊಡಕ್ಷನ್‌ಗೆ ಆಗುವುದಿಲ್ಲ, ಅಲ್ವಾ?

ಹಂತ 5: ಈಗ ಆರಿಸಿ

ನಿಮ್ಮ ಡಿಸ್ಟ್ರೊ ಯಾವುದನ್ನು ಡಿಫಾಲ್ಟ್ ಮಾಡಿದೆಯೋ ಅದರಿಂದ ಶುರು ಮಾಡಿ. ಡೆಬಿಯನ್, ಉಬುಂಟು ಆದರೆ ಎಕ್ಸ್ಟ್4. ರೆಡ್ ಹ್ಯಾಟ್, ಆಲ್ಮಾ, ರಾಕಿ ಆದರೆ ಎಕ್ಸ್‌ಎಫ್‌ಎಸ್. ಸೋಮಾರಿತನದಿಂದ ಈ ಮಾತು ಹೇಳುತ್ತಿಲ್ಲ. ಆ ಡಿಸ್ಟ್ರೊದ ಕರ್ನಲ್ ಮೇಲೆ ಅತಿ ಹೆಚ್ಚು ಪರೀಕ್ಷೆ ನಡೆಯುವುದು, ಅತಿ ಹೆಚ್ಚು ಜನ ಓಡಿಸುವುದು ಆ ಫೈಲ್ ಸಿಸ್ಟಮನ್ನೇ, ಹಾಗಾಗಿ ಬಗ್ ಇದ್ದರೆ ನಿಮಗಿಂತ ಮೊದಲು ಬೇರೆಯವರಿಗೆ ಸಿಕ್ಕಿರುತ್ತದೆ. ಡಿಫಾಲ್ಟ್ ಬಿಟ್ಟು ಹೋಗಲು ಗಟ್ಟಿ ಕಾರಣ ಬೇಕು: ಕೋಟಿಗಟ್ಟಲೆ ಸಣ್ಣ ಫೈಲ್, ಹತ್ತಾರು ಟಿಬಿ ವಾಲ್ಯೂಮ್, ಡೇಟಾಬೇಸ್ ತಯಾರಕರ ಸಲಹೆ, ಅಥವಾ ಮುಂದೆ ಕುಗ್ಗಿಸಬೇಕಾದೀತು ಅನ್ನುವ ಅನುಮಾನ. ಗ್ರಾಫ್‌ನಲ್ಲಿ ಕಂಡ ಸ್ವಲ್ಪ ವೇಗ ಕಾರಣವೇ ಅಲ್ಲ.

ಹಂತ 6: ಫಾರ್ಮ್ಯಾಟ್ ಮತ್ತು ಮೌಂಟ್

ಓಎಸ್‌ಗೆ ಒಂದು ವಾಲ್ಯೂಮ್, ಡೇಟಾಕ್ಕೆ ಬೇರೆ. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದ ಹಾಗೆ ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಬಳಸಿ, ವಾಲ್ಯೂಮ್ ಗ್ರೂಪ್‌ನಲ್ಲಿ ಸ್ವಲ್ಪ ಜಾಗ ಖಾಲಿ ಬಿಡಿ. ಸ್ನ್ಯಾಪ್‌ಶಾಟ್‌ಗೂ (ವಾಲ್ಯೂಮ್‌ನ ಆ ಕ್ಷಣದ ನಕಲು) ಆಯಿತು, ಆಪತ್ತಿನಲ್ಲಿ ಹಿಗ್ಗಿಸಲೂ ಆಯಿತು. ಎಕ್ಸ್‌ಎಫ್‌ಎಸ್ ಆದರೆ ಸಣ್ಣದಾಗಿ ಶುರು ಮಾಡಿ ಬೇಕಾದಾಗ ಬೆಳೆಸುವುದೇ ಜಾಣತನ.

ಎಕ್ಸ್ಟ್4 ರೂಟ್ ಬಳಕೆದಾರನಿಗಾಗಿ ನೂರಕ್ಕೆ 5ರಷ್ಟು ಜಾಗ ತೆಗೆದಿಡುತ್ತದೆ. 10 ಟಿಬಿ ಡೇಟಾ ಡಿಸ್ಕ್‌ನಲ್ಲಿ 500 ಜಿಬಿ ಸುಮ್ನೆ ಕೂರುತ್ತದೆ. ಡೇಟಾ ವಾಲ್ಯೂಮ್‌ನಲ್ಲಿ ಟ್ಯೂನ್2ಎಫ್‌ಎಸ್‌ನಿಂದ 1ಕ್ಕೆ ಇಳಿಸಿ, ರೂಟ್ ವಾಲ್ಯೂಮ್‌ನಲ್ಲಿ ಹಾಗೇ ಬಿಡಿ. ಎರರ್ ಕಂಡರೆ ರೀಡ್ ಓನ್ಲಿ ಆಗುವ ರಿಮೌಂಟ್ ಆರ್‌ಒ ಆಪ್ಷನ್ ಹಾಕಿ. ಸೇವೆ ನಿಲ್ಲುತ್ತದೆ ನಿಜ, ಆದರೆ ಕೆಟ್ಟ ಮೆಟಾಡೇಟಾ ಮೇಲೆ ಬರೆಯುತ್ತಾ ಹೋಗುವುದಕ್ಕಿಂತ ಅದು ಎಷ್ಟೋ ವಾಸಿ. ಎಕ್ಸ್‌ಎಫ್‌ಎಸ್ ಗಂಭೀರ ಮೆಟಾಡೇಟಾ ದೋಷ ಕಂಡರೆ ತಾನೇ ಶಟ್‌ಡೌನ್ ಆಗುತ್ತದೆ.

ಹಳೆಯ ಎಕ್ಸ್‌ಎಫ್‌ಎಸ್ ವಾಲ್ಯೂಮ್ ಮೇಲೆ ಡಾಕರ್ ಓಡಿಸುವುದಾದರೆ ಎಕ್ಸ್‌ಎಫ್‌ಎಸ್ ಇನ್ಫೊ ಕಮಾಂಡ್‌ನಲ್ಲಿ ಎಫ್‌ಟೈಪ್ 1 ಇದೆಯಾ ನೋಡಿ. 0 ಇದ್ದರೆ ಡಾಕರ್ ಬಳಸುವ ಓವರ್‌ಲೇ2 ನಡೆಯುವುದಿಲ್ಲ, ಅದನ್ನು ಬದಲಾಯಿಸಲು ಮತ್ತೆ ಫಾರ್ಮ್ಯಾಟ್ ಮಾಡುವುದೊಂದೇ ದಾರಿ.

ಎಫ್‌ಸ್ಟ್ಯಾಬ್‌ನಲ್ಲಿ ಡಿಸ್ಕ್ ಹೆಸರು ಬೇಡ, ಯುಯುಐಡಿ (ಆ ಫೈಲ್ ಸಿಸ್ಟಮ್‌ನ ಸ್ವಂತ ಗುರುತು ಸಂಖ್ಯೆ) ಹಾಕಿ. ಡೇಟಾ ಡಿಸ್ಕ್ ಇಲ್ಲದಿದ್ದರೂ ಬೂಟ್ ಆಗಲಿ ಅಂತ ನೋಫೇಲ್ ಹಾಕುತ್ತೀರಾದರೆ ಒಂದು ಅಪಾಯ ಗಮನಿಸಿ: ಮೌಂಟ್ ಆಗದಿದ್ದಾಗ ಅಪ್ಲಿಕೇಶನ್ ಖಾಲಿ ಡೈರೆಕ್ಟರಿಗೇ ಬರೆಯತೊಡಗುತ್ತದೆ, ರೂಟ್ ವಾಲ್ಯೂಮ್ ತುಂಬುತ್ತದೆ, ಡೇಟಾ ಎರಡು ಕಡೆ ಒಡೆದುಹೋಗುತ್ತದೆ. ಮೌಂಟ್ ಮಾಡುವ ಮೊದಲೇ ಆ ಡೈರೆಕ್ಟರಿಗೆ ಸಿಎಚ್‌ಆ್ಯಟ್ರ್‌ನಿಂದ ಇಮ್ಯೂಟಬಲ್ ಗುರುತು ಹಾಕಿಬಿಡಿ, ಸಿಸ್ಟಮ್‌ಡಿ ಸರ್ವಿಸ್‌ನಲ್ಲಿ ಆ ಮೌಂಟ್ ಬೇಕೇ ಬೇಕು ಅಂತ ಬರೆಯಿರಿ. ಖಾಲಿಯಾದ ಬ್ಲಾಕ್‌ಗಳನ್ನು ಎಸ್‌ಎಸ್‌ಡಿಗೆ ತಿಳಿಸಲು ಡಿಸ್ಕಾರ್ಡ್ ಆಪ್ಷನ್ ಬದಲು ವಾರಕ್ಕೊಮ್ಮೆ ಓಡುವ ಎಫ್‌ಎಸ್‌ಟ್ರಿಮ್ ಟೈಮರ್ ಸಾಕು.

ಹಂತ 7: ನೀವೇ ಕರೆಂಟ್ ಕೀಳಿ

ಸರ್ವರ್ ಲೈವ್ ಆಗುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಒಂದು ಚಿಕ್ಕ ಪ್ರೋಗ್ರಾಂ ಬರೆಯಿರಿ: ಕ್ರಮಸಂಖ್ಯೆ ಮತ್ತು ಚೆಕ್‌ಸಮ್ ಇರುವ ದಾಖಲೆಯನ್ನು ಫೈಲ್‌ಗೆ ಸೇರಿಸುವುದು, ಎಫ್‌ಸಿಂಕ್ ಕರೆಯುವುದು, ಅದು ಸರಿಯಾಗಿ ವಾಪಸ್ ಬಂದಮೇಲೆ ಆ ಸಂಖ್ಯೆಯನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಮೆಷಿನ್‌ಗೆ ಕಳಿಸುವುದು. ಚೆನ್ನಾಗಿ ಲೋಡ್ ಇರುವಾಗ ಪವರ್ ಕೇಬಲ್ ಕೀಳಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ ಕೀಳಬೇಕು. ಮತ್ತೆ ಎದ್ದಾಗ ಆ ಇನ್ನೊಂದು ಮೆಷಿನ್‌ಗೆ ತಲುಪಿದ ಕೊನೆಯ ಸಂಖ್ಯೆ ಫೈಲ್‌ನಲ್ಲಿ ಇರಲೇಬೇಕು, ಚೆಕ್‌ಸಮ್ ಹೊಂದಲೇಬೇಕು. ಒಂದು ದಾಖಲೆ ಕಡಿಮೆ ಬಂದರೂ ಹಂತ 2ಕ್ಕೆ ವಾಪಸ್ ಹೋಗಿ, ಫೈಲ್ ಸಿಸ್ಟಮ್ ಬದಲಾಯಿಸಿ ಪ್ರಯೋಜನ ಇಲ್ಲ. ಒಂದು ಸಲ ಪಾಸಾದರೆ ಸಾಲದು, ಹಲವು ಸಲ ಮಾಡಿ.

ಕರ್ನಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯೂನಿಂದ ದಿಢೀರ್ ರೀಬೂಟ್ ಮಾಡಿದರೆ ಸಾಕಲ್ವಾ ಅನ್ನಬಹುದು. ಸಾಲದು. ಅದು ಕರ್ನಲ್ ಮೆಮೊರಿಯಲ್ಲಿದ್ದದ್ದನ್ನು ಕಳೆಯುತ್ತದೆ, ಡಿಸ್ಕ್‌ಗೆ ಕರೆಂಟ್ ಹೋಗುತ್ತಲೇ ಇರುವುದರಿಂದ ಅದರ ಕ್ಯಾಶ್ ಹಾಗೇ ಉಳಿಯುತ್ತದೆ. ವರ್ಚುವಲ್ ಮೆಷಿನ್ ಪ್ರೊಸೆಸ್ ಕೊಂದರೂ ಅಷ್ಟೇ, ಹೋಸ್ಟ್ ಮೆಮೊರಿ ಬದುಕಿರುತ್ತದೆ. ಫೈಲ್ ಸಿಸ್ಟಮ್‌ನ ಪರೀಕ್ಷೆಗೆ ಇವು ಉಪಯೋಗ, ಡಿಸ್ಕ್‌ನ ಪರೀಕ್ಷೆಗೆ ಅಲ್ಲ. ಕೆಟ್ಟ ಡಿಸ್ಕ್ ಸಿಕ್ಕರೆ ಅಪ್ಲಿಕೇಶನ್ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಲು ಡಿವೈಸ್ ಮ್ಯಾಪರ್‌ನ ಫ್ಲೇಕಿ ಟಾರ್ಗೆಟ್ ಇದೆ, ಬೇಕೆಂದೇ ಎರರ್ ಕೊಡಿಸಬಹುದು.

ಹಂತ 8: ಕರ್ನಲ್ ಅಪ್‌ಡೇಟ್

ಎಷ್ಟೇ ಹಳೆಯ, ಗಟ್ಟಿ ಫೈಲ್ ಸಿಸ್ಟಮ್ ಆದರೂ ಹೊಸ ಕರ್ನಲ್‌ನಲ್ಲಿ ಬಗ್ ಬರಬಹುದು. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಬಿಡುಗಡೆಯನ್ನೇ ತಡೆದರು, 6.1.64 ಕರ್ನಲ್‌ನಲ್ಲಿ ಎಕ್ಸ್ಟ್4 ಡೇಟಾ ಕೆಡಿಸುವ ದೋಷ ಕಂಡಿತ್ತು. 2018ರಲ್ಲಿ 4.19ರಲ್ಲೂ ಎಕ್ಸ್ಟ್4 ಕೆಡುತ್ತಿದೆ ಅಂತ ದೂರುಗಳು ಬಂದವು. ಹುಡುಕಿದರೆ ತಪ್ಪು ಇದ್ದದ್ದು ಅದರ ಕೆಳಗಿನ ಬ್ಲಾಕ್ ಪದರದಲ್ಲಿ. ಅಪ್‌ಡೇಟ್ ಬಿಡಬೇಡಿ, ಆದರೆ ಮೊದಲು ಸ್ಟೇಜಿಂಗ್‌ನಲ್ಲಿ ಅದೇ ಬಗೆಯ ಡಿಸ್ಕ್ ಮೇಲೆ ಕೆಲವು ದಿನ ಓಡಿಸಿ. ರೆಪ್ಲಿಕಾಗಳಿದ್ದರೆ ಎಲ್ಲಕ್ಕೂ ಒಂದೇ ರಾತ್ರಿ ಹೊಸ ಕರ್ನಲ್ ಹಾಕಬೇಡಿ.

ಹಂತ 9: ಕೆಟ್ಟಾಗ ಏನು ಮಾಡಬೇಕು, ಈಗಲೇ ಬರೆದಿಡಿ

ಕರ್ನಲ್ ಲಾಗ್‌ನಲ್ಲಿ ಎಕ್ಸ್ಟ್4 ಎರರ್, ಎಕ್ಸ್‌ಎಫ್‌ಎಸ್ ಕರಪ್ಷನ್, ಐಒ ಎರರ್ ಅನ್ನುವ ಸಾಲು ಬಂದರೆ ಅಲರ್ಟ್ ಬರುವ ಹಾಗೆ ಮಾಡಿ. ರೀಡ್ ಓನ್ಲಿ ಆದ ಮೌಂಟ್‌ಗಳನ್ನೂ ಗಮನದಲ್ಲಿಡಿ.

ಕೆಟ್ಟಿದ್ದು ಗೊತ್ತಾದಾಗ ಎಫ್‌ಎಸ್‌ಸಿಕೆಗೆ ಕೈ ಹಾಕುವ ಮೊದಲು ಡಿಸ್ಕ್‌ನ ಪೂರ್ತಿ ಕಾಪಿ ತೆಗೆಯಿರಿ, ಡಿಸ್ಕ್ ತಾನೇ ಸಾಯುತ್ತಿದ್ದರೆ ಡಿಡಿರೆಸ್ಕ್ಯೂ ಬಳಸಿ. ರಿಪೇರಿ ಸಾಧನಗಳ ಕೆಲಸ ಫೈಲ್ ಸಿಸ್ಟಮನ್ನು ಸುಸಂಬದ್ಧ ಮಾಡುವುದು. ಅದಕ್ಕಾಗಿ ಅವು ನಿಮ್ಮ ಡೇಟಾ ಬಿಸಾಡಲೂ ಹಿಂಜರಿಯುವುದಿಲ್ಲ. ಕಾಪಿ ಮೇಲೆ ಎನ್ ಆಪ್ಷನ್ ಕೊಟ್ಟು ಓಡಿಸಿದರೆ ಏನೇನು ಬದಲಾಗುತ್ತದೆ ಅಂತ ಬರೆಯದೆಯೇ ತೋರಿಸುತ್ತವೆ.

ಎಕ್ಸ್‌ಎಫ್‌ಎಸ್‌ನಲ್ಲಿ ಒಂದು ಹೆಜ್ಜೆ ಜಾಸ್ತಿ ಎಚ್ಚರ ಬೇಕು. ಬೂಟ್ ಸಮಯದಲ್ಲಿ ಓಡುವ ಅದರ ಎಫ್‌ಎಸ್‌ಸಿಕೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ರಿಪೇರಿಗೆ ಎಕ್ಸ್‌ಎಫ್‌ಎಸ್ ರಿಪೇರ್ ಅಂತ ಬೇರೆಯೇ ಇದೆ. ಲಾಗ್‌ನಲ್ಲಿ ಬಾಕಿ ಇದ್ದರೆ ಅದು ಮುಂದೆ ಹೋಗುವುದಿಲ್ಲ, ಮೊದಲು ಮೌಂಟ್ ಮಾಡಿ ಅನ್ನುತ್ತದೆ. ಮೌಂಟ್ ಮಾಡಿದರೆ ಜರ್ನಲ್ ತಾನಾಗಿ ಅನ್ವಯವಾಗುತ್ತದೆ, ಆಮೇಲೆ ಅನ್‌ಮೌಂಟ್ ಮಾಡಿ ರಿಪೇರಿ ಓಡಿಸಿ. ಮೌಂಟೂ ಆಗದಿದ್ದರೆ ಮಾತ್ರ ಲಾಗ್ ಅಳಿಸುವ ದೊಡ್ಡ ಎಲ್ ಆಪ್ಷನ್. ಗಾಬರಿಯಲ್ಲಿ ಮೊದಲೇ ಅದನ್ನು ಕೊಟ್ಟರೆ ಕೊನೆಯ ಬದಲಾವಣೆಗಳೆಲ್ಲ ಹೋಗುತ್ತವೆ, ಸರಿಯಿದ್ದ ಫೈಲ್ ಸಿಸ್ಟಮ್ ಕೂಡ ಕೆಡುತ್ತದೆ. ಸ್ನ್ಯಾಪ್‌ಶಾಟನ್ನು ಅಸಲಿ ವಾಲ್ಯೂಮ್ ಇರುವಾಗಲೇ ಮೌಂಟ್ ಮಾಡಲು ನೋಯುಯುಐಡಿ ಆಪ್ಷನ್ ಬೇಕು, ಇದನ್ನೂ ಪಕ್ಕದಲ್ಲೇ ಬರೆದಿಡಿ.

ರಿಪೇರಿ ಮುಗಿದಮೇಲೆ ಹೆಸರು ಕಳೆದುಕೊಂಡ ಫೈಲ್‌ಗಳು ಲಾಸ್ಟ್ ಆಂಡ್ ಫೌಂಡ್ ಡೈರೆಕ್ಟರಿಯಲ್ಲಿ ಐನೋಡ್ ನಂಬರ್ ಹೊತ್ತು ಬಿದ್ದಿರುತ್ತವೆ. ಯಾವುದು ಯಾವ ಫೈಲ್ ಅಂತ ಹೊಂದಿಸುವುದು ದೊಡ್ಡ ಕೆಲಸ. ಪ್ರತಿ ಬ್ಯಾಕಪ್ ಜೊತೆ ಫೈಲ್ ಹೆಸರು ಮತ್ತು ಚೆಕ್‌ಸಮ್‌ಗಳ ಪಟ್ಟಿಯನ್ನೂ ಬೇರೆ ಮೆಷಿನ್‌ನಲ್ಲಿ ಉಳಿಸುತ್ತಾ ಬಂದರೆ, ಆ ಪಟ್ಟಿಗೆ ಹೋಲಿಸಿ ಬದಲಾಗದ ಫೈಲ್‌ಗಳಿಗೆಲ್ಲ ಒಂದು ಸ್ಕ್ರಿಪ್ಟ್‌ನಲ್ಲೇ ಹೆಸರು ವಾಪಸ್ ಕೊಡಬಹುದು.